ರಂಗನತಿಟ್ಟೋ, ಕೊಕ್ಕರೆಬೆಳ್ಳೂರೋ, ಹದಿನಾರು ಕೆರೆಯೋ? ಮೊದಲು ತಿಂಗಳು ನೋಡಿ

ಹಕ್ಕಿ ನೋಡಬೇಕು, ಬೆಳಗ್ಗೆ ಮೈಸೂರು ಬಿಟ್ಟು ಊಟದ ಹೊತ್ತಿಗೆ ವಾಪಸ್ ಬರಬೇಕು, ಎಲ್ಲಿಗೆ ಹೋಗೋದು? ಹೀಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಯೋಚನೆ ಮಾಡದೆ ರಂಗನತಿಟ್ಟು ಅಂದುಬಿಡುತ್ತಾರೆ. ರಂಗನತಿಟ್ಟು ಒಳ್ಳೆಯ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೋರು ಮಳೆಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ, ದೋಣಿ ನಿಂತಿದೆ ಅಂತ ಗೊತ್ತಾಗಿ, ಸಪ್ಪೆ ಮುಖ ಹಾಕಿಕೊಂಡು ಬಲಮುರಿ ಕಡೆಗೆ ಗಾಡಿ ತಿರುಗಿಸುವವರು ಪ್ರತಿ ವರ್ಷ ಇರುತ್ತಾರೆ. ಹಾಗೆಯೇ ಜುಲೈನಲ್ಲಿ ಕೊಕ್ಕರೆಬೆಳ್ಳೂರಿಗೆ ಹೋಗಿ, ಖಾಲಿ ಹುಣಸೆ ಮರ ನೋಡಿ, ಇಲ್ಲಿ ಏನೂ ಇಲ್ಲ ಅಂತ ಬೈದುಕೊಂಡು ಬರುವವರೂ ಇದ್ದಾರೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಮೊದಲು ತಿಂಗಳು ನೋಡಿ. ಆಮೇಲೆ ನಿಮಗೆ ಎಷ್ಟು ನಡೆಯಲು ಇಷ್ಟ ಅಂತ ನೋಡಿ. ಜಾಗ ಯಾವುದು ಅನ್ನೋದು ಕೊನೆಗೆ ತಾನಾಗಿಯೇ ಗೊತ್ತಾಗುತ್ತದೆ.

ತಿಂಗಳು ಯಾಕೆ ಅಷ್ಟು ಮುಖ್ಯ ಅಂದರೆ, ಇಲ್ಲಿನ ಪ್ರತಿ ಜಾಗವೂ ನೀರಿನ ಲೆಕ್ಕದಲ್ಲಿ ನಡೆಯುತ್ತದೆ. ರಂಗನತಿಟ್ಟು ಇರುವುದು ಕಾವೇರಿಯ ನಡುವೆ, ಕೆಆರ್‌ಎಸ್‌ನಿಂದ ಸ್ವಲ್ಪವೇ ಕೆಳಗೆ. ಕೊಡಗಿನಲ್ಲಿ ಮಳೆ ಜೋರಾಗಿ, ಅಣೆಕಟ್ಟೆಯ ಮಟ್ಟ 124.80 ಅಡಿಯ ಹತ್ತಿರ ಬಂದು, ಗೇಟು ತೆಗೆದರು ಅಂದರೆ ಆವತ್ತಿನಿಂದ ದೋಣಿ ಬಂದ್. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಯಾವಾಗ ಬೇಕಾದರೂ ಹೀಗಾಗಬಹುದು. ಕೆರೆಗಳದ್ದು ಇನ್ನೊಂದು ಲೆಕ್ಕ. ಮಳೆ ಮುಗಿದು ಕೆರೆ ತುಂಬಿ, ಚಳಿ ಶುರುವಾದ ಮೇಲೆ ದೂರದ ಹಕ್ಕಿಗಳು ಬರುತ್ತವೆ. ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳು ಬರುವುದೇ ಮರಿ ಮಾಡಲು, ಮರಿ ಹಾರಿದ ಮೇಲೆ ಅವಕ್ಕೆ ಅಲ್ಲಿ ಕೆಲಸ ಇಲ್ಲ.

ರಂಗನತಿಟ್ಟು: ದೋಣಿಯಲ್ಲಿ ಕೂತು ನೋಡುವ ಜಾಗ

ಮೈಸೂರಿನಿಂದ ಸುಮಾರು 18 ಕಿಲೋಮೀಟರ್. ಜಿಲ್ಲೆ ಮಂಡ್ಯ, ತಾಲ್ಲೂಕು ಶ್ರೀರಂಗಪಟ್ಟಣ. ಬಸ್ಸಿನಲ್ಲಿ ಬರುವವರು ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹಿಡಿದರೆ ಆಯಿತು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಕಟ್ಟೆ ಕಟ್ಟಿದಾಗ ಹುಟ್ಟಿದ ಪುಟ್ಟ ಪುಟ್ಟ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿ, ಇದನ್ನು ಉಳಿಸಿ ಅಂತ ಮೈಸೂರಿನ ಒಡೆಯರಿಗೆ ಹೇಳಿದರು. 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯ ಅಂತ ಒಪ್ಪಿಕೊಂಡ ಜೌಗು ಪ್ರದೇಶ. ಕರ್ನಾಟಕದಲ್ಲಿ ಈ ಪಟ್ಟಿಗೆ ಸೇರಿದ ಮೊದಲ ಜಾಗ ಇದೇ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿ ನಡಿಗೆ ಅಂದರೆ ನದಿ ದಡದ ಉದ್ದಕ್ಕೆ ಮಾಡಿರುವ ದಾರಿ ಅಷ್ಟೇ. ನೆರಳಿದೆ, ಬಿದಿರಿದೆ, ಕೂರಲು ಬೆಂಚಿದೆ, ಅಜ್ಜ ಅಜ್ಜಿಗೂ ಕಷ್ಟ ಇಲ್ಲ. ಆದರೆ ನಡುಗಡ್ಡೆಯ ಮೇಲೆ ಕಾಲಿಡುವ ಹಾಗಿಲ್ಲ, ಇಡಲೂಬಾರದು. ಹಕ್ಕಿ ಹತ್ತಿರ ಹೋಗುವುದು ದೋಣಿಯಲ್ಲೇ.

ಮತ್ತೆ ಆ ದೋಣಿ ಇದೆಯಲ್ಲ, ಅದಕ್ಕೆ ಕೊಟ್ಟ ದುಡ್ಡು ದಂಡ ಅನ್ನಿಸುವುದಿಲ್ಲ. ಹುಟ್ಟು ಹಾಕುತ್ತಾ ಹಾಕುತ್ತಾ ದೋಣಿಯವರು ಬಂಡೆಯೊಂದರ ಪಕ್ಕ ಸುಮ್ಮನೆ ನಿಲ್ಲಿಸುತ್ತಾರೆ. ನೀವು ಬಂಡೆ ನೋಡುತ್ತಿರುತ್ತೀರಿ. ಸ್ವಲ್ಪ ಹೊತ್ತಿಗೆ ಬಂಡೆಯ ಒಂದು ಭಾಗಕ್ಕೆ ಕಣ್ಣಿದೆ ಅಂತ ಗೊತ್ತಾಗುತ್ತದೆ. ಮೊಸಳೆ ಬಾಯಿ ಅಗಲವಾಗಿ ತೆರೆದು ಅಲ್ಲಾಡದೆ ಮಲಗಿರುತ್ತದೆ, ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು. ಕೋಪಕ್ಕೆ ಬಾಯಿ ತೆರೆದಿರುವುದಲ್ಲ, ಬಿಸಿಲಿಗೆ ಮೈ ಕಾವು ಇಳಿಸಿಕೊಳ್ಳುತ್ತಿರುತ್ತದೆ. ಇನ್ನೂ ಸ್ವಲ್ಪ ಮುಂದೆ ಬಾಯ್ಕಳಕ ಕೊಕ್ಕರೆ ಸಿಕ್ಕರೆ ಅದರ ಕೊಕ್ಕು ಗಮನಿಸಿ, ಮುಚ್ಚಿದಾಗಲೂ ಮಧ್ಯದಲ್ಲಿ ಸಂದು ಉಳಿದಿರುತ್ತದೆ. ಅದರ ಮುಖ್ಯ ಊಟ ಬಸವನಹುಳು, ಚಿಪ್ಪಿನಿಂದ ಹುಳುವನ್ನು ಬಿಡಿಸಿ ತಿನ್ನುವ ಕೊಕ್ಕು ಅದು. ಚಮಚದ ಕೊಕ್ಕಿನ ಹಕ್ಕಿ, ಬಿಳಿ ಕೆಂಬರಲು, ಕತ್ತು ಮಾತ್ರ ಹೊರಗಿಟ್ಟು ಈಜುವ ಹಾವಕ್ಕಿ, ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ, ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ದೊಡ್ಡ ಮರಗಳಲ್ಲಿ ತೋಳಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ.

ನೀರುನಾಯಿ ನೋಡಲೇಬೇಕು ಅಂದರೆ ಈ ಪಟ್ಟಿಯಲ್ಲಿ ನಾನು ಹೇಳುವುದು ರಂಗನತಿಟ್ಟು ಒಂದೇ. ಗ್ಯಾರಂಟಿ ಯಾರೂ ಕೊಡುವುದಿಲ್ಲ, ಆದರೆ ಬೆಳಗಿನ ಮೊದಲ ದೋಣಿಯಲ್ಲಿ ಕೂತವರಿಗೆ ಅವಕಾಶ ಜಾಸ್ತಿ. ನಾಲ್ಕೈದು ಸೇರಿ ಓಡಾಡುತ್ತವೆ. ನೀರಿನಲ್ಲಿ ಚಪ್ಪಟೆ ತಲೆಗಳು ಮೇಲೆದ್ದು ಮುಳುಗುತ್ತಿದ್ದರೆ ಅವೇ. ನಮ್ಮ ಮೊಸಳೆ, ನೀರುನಾಯಿ ಎರಡೂ ಅಪಾಯದಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿವೆ, ಅಂಥವನ್ನು ಮೈಸೂರಿನ ಮಗ್ಗುಲಲ್ಲೇ ನೋಡಲು ಸಿಗುವುದು ನಮ್ಮ ಪುಣ್ಯ.

ಯಾವಾಗ? ಡಿಸೆಂಬರ್‌ನಿಂದ ಮೇ ತನಕ. ನನ್ನನ್ನು ಕೇಳಿದರೆ ಫೆಬ್ರವರಿ, ಮಾರ್ಚ್. ಆಗ ಗೂಡುಗಳು ತುಂಬಿರುತ್ತವೆ, ಬಂಡೆಗಳ ಮೇಲೆ ರೀವ ಅನ್ನುವ ಹೊಳೆಯ ಹಕ್ಕಿಗಳು ಮೊಟ್ಟೆ ಇಡುತ್ತವೆ. ರೀವ ಗೂಡು ಅಂತ ಏನೂ ಕಟ್ಟುವುದಿಲ್ಲ, ಬರೀ ಬಂಡೆಯ ಮೇಲೆ, ಮರಳಿನ ಮೇಲೆ ಮೊಟ್ಟೆ. ಮೇಲಿನಿಂದ ಇದ್ದಕ್ಕಿದ್ದಂತೆ ನೀರು ಬಿಟ್ಟರೆ ಅಷ್ಟೂ ಕೊಚ್ಚಿಕೊಂಡು ಹೋಗುತ್ತದೆ. ಹೊಳೆಯ ಹಕ್ಕಿಯ ಬದುಕು ಹೊಳೆಯ ಗೇಟಿನವರ ಕೈಯಲ್ಲಿದೆ ಅನ್ನೋದು ಅಲ್ಲಿ ನಿಂತು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ತೊಂದರೆ ಒಂದೇ, ಜನ. ಭಾನುವಾರ ಮತ್ತು ರಜಾ ದಿನ ಹನ್ನೊಂದರ ಮೇಲೆ ಹೋದರೆ ದೋಣಿಗೆ ಉದ್ದದ ಸಾಲು, ಪಕ್ಕದಲ್ಲಿ ಯಾರದೋ ಮೊಬೈಲಿನಲ್ಲಿ ಹಾಡು. ವಾರದ ದಿನ, ಗೇಟು ತೆಗೆಯುವ ಹೊತ್ತಿಗೇ ಅಲ್ಲಿರಿ. ಮೊದಲು ದೋಣಿ, ಆಮೇಲೆ ದಡದ ನಡಿಗೆ.

ಕೊಕ್ಕರೆಬೆಳ್ಳೂರು: ನಿಜವಾಗಿ ನಡೆದು ನೋಡಬೇಕಾದ್ದು

ಕೊಕ್ಕರೆಬೆಳ್ಳೂರಿನ ವಿಷಯ ಬಂದರೆ ನಾನು ಪಕ್ಷಪಾತಿ ಅಂತಲೇ ಇಟ್ಟುಕೊಳ್ಳಿ. ಇರುವ ಒಂದು ಬೆಳಗ್ಗೆ, ತಿಂಗಳು ಜನವರಿಯಿಂದ ಏಪ್ರಿಲ್ ಒಳಗೆ, ನಡೆಯಲು ಆಸೆ ಇದೆ ಅಂದರೆ ನಾನು ಬೇರೆ ಯಾವ ಜಾಗವನ್ನೂ ಹೇಳುವುದಿಲ್ಲ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹಳ್ಳಿ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿ ಸುಮಾರು 12 ಕಿಲೋಮೀಟರ್. ಹೊಸ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಬೈಕ್ ಬಿಡುವುದಿಲ್ಲ, ಬೈಕಿನವರು ಸರ್ವಿಸ್ ರಸ್ತೆ ಹಿಡಿದೇ ಬರಬೇಕು. ಕಾರಿನವರೂ ತಿರುವು ತಪ್ಪಿಸಿಕೊಳ್ಳದಂತೆ ಮದ್ದೂರಿನಲ್ಲೇ ಇಳಿದು ಹಳೇ ರಸ್ತೆ ಹಿಡಿಯುವುದು ಸುಲಭ. ಹೇಗೂ ಮದ್ದೂರಿನಲ್ಲಿ ತಿಂಡಿ ಆಗಬೇಕಲ್ವಾ.

ಇಲ್ಲಿ ಬೇಲಿ ಇಲ್ಲ, ನಡುಗಡ್ಡೆ ಇಲ್ಲ, ದೋಣಿ ಇಲ್ಲ. ಊರಿನ ಬೀದಿಯೇ ಪಕ್ಷಿಧಾಮ. ಮನೆ ಮುಂದೆ ರಂಗೋಲಿ, ಅದರ ಪಕ್ಕ ಹಸು, ಹಸುವಿನ ತಲೆಯ ಮೇಲೆ ಹುಣಸೆ ಮರ, ಆ ಮರದ ತುದಿಯಲ್ಲಿ ಸಾಲು ಸಾಲು ಹೆಜ್ಜಾರ್ಲೆ ಗೂಡು. ಪುಸ್ತಕದಲ್ಲಿ ಚುಕ್ಕೆ ಕೊಕ್ಕಿನ ಪೆಲಿಕನ್ ಅಂತ ಓದಿರುವ ಹಕ್ಕಿಯೇ ನಮ್ಮ ಹೆಜ್ಜಾರ್ಲೆ. ಅದರ ಜೊತೆಗೆ ಬಣ್ಣದ ಕೊಕ್ಕರೆ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ, ಅಷ್ಟು ಹತ್ತಿರ.

ಒಂದು ಮರದ ಕೆಳಗೆ, ಸ್ವಲ್ಪ ದೂರದಲ್ಲಿ, ಅರ್ಧ ಗಂಟೆ ನಿಲ್ಲಿ. ಊರೆಲ್ಲ ಸುತ್ತಿ ಫೋಟೋ ಹೊಡೆಯುವುದಕ್ಕಿಂತ ಇದೇ ಮೇಲು. ಮೀನು ಹಿಡಿಯಲು ಹೋದ ತಾಯಿಯೋ ತಂದೆಯೋ ವಾಪಸ್ ಬರುತ್ತದೆ. ಅಷ್ಟು ದೊಡ್ಡ ಮೈ, ಅಷ್ಟು ಅಗಲ ರೆಕ್ಕೆ, ಕೊಂಬೆಗೆ ಇಳಿಯುವಾಗ ಇಡೀ ಕೊಂಬೆ ಬಾಗುತ್ತದೆ. ಮರಿಗಳು ಗಲಾಟೆ ಶುರು ಮಾಡುತ್ತವೆ. ದೊಡ್ಡದು ಕೊಕ್ಕು ತೆರೆದ ಕೂಡಲೇ ಮರಿ ತನ್ನ ತಲೆಯನ್ನೇ, ಕತ್ತಿನ ಸಮೇತ, ಅದರ ಗಂಟಲ ಚೀಲದೊಳಗೆ ತುರುಕುತ್ತದೆ. ಹೊರಗಿನಿಂದ ನೋಡಿದರೆ ದೊಡ್ಡದು ಮರಿಯನ್ನೇ ನುಂಗುತ್ತಿದೆ ಅನ್ನಿಸಬೇಕು ಹಾಗಿರುತ್ತದೆ. ಚೀಲ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಆಮೇಲೆ ಮರಿಯ ತಲೆ ಒದ್ದೆಯಾಗಿ ಹೊರಗೆ ಬರುತ್ತದೆ. ಪಕ್ಕದ ಗೂಡಿನಲ್ಲಿ ಬಣ್ಣದ ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಡಿಸಿ, ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿರುತ್ತದೆ. ಬೆಳೆದ ಬಣ್ಣದ ಕೊಕ್ಕರೆಗೆ ಕೂಗು ಅಂತ ಹೆಚ್ಚೇನೂ ಇಲ್ಲ. ಜೋಡಿ ಎದುರಾದಾಗ ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಸದ್ದು ಮಾಡುತ್ತವೆ, ಬೀದಿಯಲ್ಲಿ ನಿಂತರೆ ಮೇಲಿನಿಂದ ಆ ಸದ್ದು ಕೇಳುತ್ತಲೇ ಇರುತ್ತದೆ.

ಊರವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಬಾಯಿ ಮಾತಿಗೆ ಹೇಳುವುದಲ್ಲ ಅದು. ಹಕ್ಕಿ ಕೂತ ಮರದ ಹುಣಸೆಹಣ್ಣು ಮರದವರಿಗೆ ಸಿಗುವುದಿಲ್ಲ, ಗೂಡು ಇರುವಷ್ಟು ದಿನ ಬಡಿಯುವ ಹಾಗಿಲ್ಲ. ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಅಂತ ಒಂದಷ್ಟು ಕೊಡುತ್ತದೆ, ಆದರೆ ದುಡ್ಡಿಗಾಗಿ ಇದನ್ನು ಮಾಡುತ್ತಿದ್ದಾರೆ ಅಂದರೆ ತಪ್ಪಾಗುತ್ತದೆ. ಇಲಾಖೆ ಬರುವ ಎಷ್ಟೋ ಮೊದಲಿನಿಂದ ನಡೆದುಬಂದ ಪದ್ಧತಿ. ಹಿಂದೆ ಪ್ಲೇಗ್ ಬಂದು ಊರು ಶಿಂಷಾ ನದಿಯ ದಡದಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಊರಿನ ಹಿರಿಯರು ಹೇಳುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲ ಗದ್ದೆಗೆ ಗೊಬ್ಬರವಾಗುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ನೋಡಿ ಬರೆದ ಮೇಲೆ ಹೊರಗಿನವರಿಗೆ ಊರಿನ ಪರಿಚಯವಾಯಿತು. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯಿತು. ಊರಿನ ಹುಡುಗರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಬಿಡುತ್ತಾ ಬಂದಿದೆ.

ಕಷ್ಟವೂ ಬಂದಿದೆ. 2017-18ರ ಚಳಿಗಾಲದಲ್ಲಿ ಹೊಟ್ಟೆಯ ಹುಳುವಿನ ಸೋಂಕಿನಿಂದ ಹತ್ತಾರು ಹೆಜ್ಜಾರ್ಲೆ ಸತ್ತವು. ಹೆಜ್ಜಾರ್ಲೆ ತಿನ್ನುವುದು ಮೀನು, ಮೀನು ಬರುವುದು ಸುತ್ತಲ ಕೆರೆಗಳಿಂದ. ಊರವರು ಮರವನ್ನು ಎಷ್ಟೇ ಜೋಪಾನ ಮಾಡಿದರೂ ಸುತ್ತಲ ಕೆರೆಗಳು ಕೆಟ್ಟರೆ ಮರದ ಮೇಲಿನ ಮರಿಗೆ ಉಳಿಗಾಲ ಇಲ್ಲ. ಇದನ್ನು ನೆನೆದರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ, ಕೆರೆಗೆ ಕಸ ಸುರಿಯುವವರು ಒಂದು ಸಲ ಈ ಬೀದಿಯಲ್ಲಿ ನಿಂತು ಮೇಲೆ ನೋಡಬೇಕು.

ಬೆಳಗ್ಗೆ ಏಳರ ಒಳಗೆ ಅಲ್ಲಿರಿ. ಟೋಪಿ ಹಾಕಿ, ಬಿಳಿ ಬಟ್ಟೆ ಬೇಡ, ಮೇಲಿನಿಂದ ಹಿಕ್ಕೆ ಬೀಳುತ್ತದೆ. ಮೀನಿನ ವಾಸನೆ ಇರುತ್ತದೆ, ಸೂಕ್ಷ್ಮ ಮೂಗಿನವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಮನೆಯಂಗಳಕ್ಕೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. "ಅಮ್ಮ, ಇಲ್ಲಿಂದ ನೋಡಬಹುದಾ?" ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಎಷ್ಟೋ ಸಲ ಇನ್ನೂ ಒಳ್ಳೆಯ ಮರ ಎಲ್ಲಿದೆ ಅಂತ ಅವರೇ ತೋರಿಸುತ್ತಾರೆ. ಮರಿ ಕೆಳಗೆ ಬಿದ್ದಿದ್ದರೆ ಮುಟ್ಟಬೇಡಿ, ಊರವರಿಗೆ ಹೇಳಿ.

ಹದಿನಾರು ಕೆರೆ: ಚಳಿಗಾಲ, ದುರ್ಬೀನು, ತಾಳ್ಮೆ

ನಂಜನಗೂಡು ತಾಲ್ಲೂಕಿನ ಹದಿನಾರು ಅಂದರೆ ಮೈಸೂರಿನವರಿಗೆ ಯದುರಾಯರ ಕಥೆ ನೆನಪಾಗುತ್ತದೆ, ಒಡೆಯರ ಮನೆತನ ಶುರುವಾದದ್ದು ಇಲ್ಲಿಂದ ಅಂತ. ಹಕ್ಕಿ ನೋಡುವವರಿಗೆ ಹದಿನಾರು ಅಂದರೆ ಪಟ್ಟೆತಲೆ ಹೆಬ್ಬಾತು. ನವೆಂಬರ್ ಕೊನೆ, ಡಿಸೆಂಬರ್‌ಗೆ ಬರುತ್ತವೆ, ಫೆಬ್ರವರಿ ದಾಟಿ ಬಿಸಿಲು ಏರಿದ ಹಾಗೆ ಹೊರಡುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಗುರುತು ಸುಲಭ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರಿಗೂ ಎತ್ತರದಲ್ಲಿ ಇವು ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿ ತೆಳು. ಇವುಗಳ ರಕ್ತಕ್ಕೆ ಅಷ್ಟು ಕಮ್ಮಿ ಆಮ್ಲಜನಕವನ್ನೂ ಹಿಡಿದುಕೊಳ್ಳುವ ಶಕ್ತಿ ಬೇರೆ ಬಾತುಗಳಿಗಿಂತ ಜಾಸ್ತಿ. ಅಂಥ ಹಕ್ಕಿ ಬಂದು ನಮ್ಮ ಗದ್ದೆಯ ಕೂಳೆ ಮೇಯುತ್ತದೆ ಅಂದರೆ ಒಂದು ಬೆಳಗ್ಗೆ ಅದಕ್ಕಾಗಿ ಬೇಗ ಏಳಬಾರದಾ?

ಆದರೆ ಇದು ರಂಗನತಿಟ್ಟಿನ ಹಾಗೆ ಗೇಟು, ಟಿಕೆಟ್, ಗೈಡ್ ಇರುವ ಜಾಗ ಅಲ್ಲ. ಊರಿನ ಕೆರೆ. ದನ ಮೇಯುತ್ತವೆ, ಬಟ್ಟೆ ಒಗೆಯುತ್ತಾರೆ, ಮೀನು ಹಿಡಿಯುತ್ತಾರೆ. ಹಾಗಾಗಿ ಹಕ್ಕಿಯ ಕಾವಲು ನಿಮ್ಮ ನಡತೆಯ ಮೇಲೆ ನಿಂತಿದೆ. ಹೆಬ್ಬಾತುಗಳು ರಾತ್ರಿ, ಬೆಳಗಿನ ಜಾವ ಗದ್ದೆಗೆ ಮೇಯಲು ಹೋಗಿ ಬಿಸಿಲೇರಿದ ಮೇಲೆ ಕೆರೆಯ ನಡುವೆ, ದಡದಲ್ಲಿ ವಿಶ್ರಾಂತಿ ಮಾಡುತ್ತವೆ. ಏರಿಯ ಮೇಲೆ ನಿಂತೇ ನೋಡಿ. ನೀವು ಹತ್ತಿರ ಹೋದ ಹಾಗೆ ಒಂದು ಹಕ್ಕಿ ಕತ್ತು ನೆಟ್ಟಗೆ ಮಾಡುತ್ತದೆ, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲವೂ. ಮೊದಲ ಕತ್ತು ನೆಟ್ಟಗಾದಾಗಲೇ ನಿಂತುಬಿಡಿ. ಇನ್ನೊಂದು ಹೆಜ್ಜೆ ಇಟ್ಟರೆ ಇಡೀ ಗುಂಪು ಹಾರುತ್ತದೆ. ಫೋಟೋ ಚೆನ್ನಾಗಿ ಬರಬಹುದು, ಆದರೆ ಸಾವಿರಾರು ಕಿಲೋಮೀಟರ್ ದಾಟಿ ಬಂದ ಹಕ್ಕಿಯನ್ನು ಫೋಟೋಗಾಗಿ ಎಬ್ಬಿಸುವುದು ಅನ್ಯಾಯ. ಡ್ರೋನ್ ಅಂತೂ ಬೇಡವೇ ಬೇಡ.

ದುರ್ಬೀನು ಇಲ್ಲದೆ ಇಲ್ಲಿಗೆ ಹೋಗಬೇಡಿ. 8x42 ಅಂತ ಬರೆದಿರುವುದು ಸಾಕು, ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಕೈಯಲ್ಲಿ ನಡುಗುತ್ತದೆ. ಚಿಕ್ಕ ಮಕ್ಕಳಿಗೆ ಇದು ಬೇಸರ ಬರಿಸಬಹುದು, ಅವರನ್ನು ಕೊಕ್ಕರೆಬೆಳ್ಳೂರಿಗೇ ಕರೆದುಕೊಂಡು ಹೋಗಿ.

ಊರು ಬಿಟ್ಟು ಹೋಗಲು ಆಗದಿದ್ದರೆ

ಮೈಸೂರಿನೊಳಗೇ ಮೂರು ಕೆರೆ ಇವೆ. ಕಾರಂಜಿ ಕೆರೆ ಮೃಗಾಲಯದ ಪಕ್ಕ, ಅದರದೇ ಉಸ್ತುವಾರಿ, ಮಂಗಳವಾರ ರಜೆ. ಚಿಟ್ಟೆ ಪಾರ್ಕು, ಒಳಗೇ ನಡೆದುಹೋಗುವ ಹಕ್ಕಿ ಪಂಜರ, ದೋಣಿ ಎಲ್ಲ ಇದೆ. ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ಸರಿ. ಪಂಜರದ ಹಕ್ಕಿ ನೋಡಿ ಅಲ್ಲಿಗೇ ಮುಗಿಸಬೇಡಿ, ಕೆರೆಯ ನಡುಗಡ್ಡೆಯ ಮರಗಳ ಮೇಲೆ ಸ್ವತಂತ್ರವಾಗಿ ಇರುವ ಹಕ್ಕಿಗಳನ್ನೂ ನೋಡಿ.

ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು, ಮಾನಸಗಂಗೋತ್ರಿಯ ಮಗ್ಗುಲಲ್ಲಿದೆ. ಸುತ್ತ ದಾರಿ ಇದೆ, ಬೆಳಗ್ಗೆ ವಾಕಿಂಗ್ ಮಾಡುವವರ ಗುಂಪೇ ಇರುತ್ತದೆ. ಹೆಜ್ಜಾರ್ಲೆ, ನೀರುಕಾಗೆ, ಇರುಳು ಬಕ ಸಿಗುತ್ತವೆ. ಆದರೆ ಜನರ ಮಧ್ಯೆ ನಿಂತು ಹಕ್ಕಿ ನೋಡುವುದು ಎಲ್ಲರಿಗೂ ಒಗ್ಗುವುದಿಲ್ಲ.

ಮೂರರಲ್ಲಿ ನನಗೆ ಇಷ್ಟ ಲಿಂಗಾಂಬುಧಿ ಕೆರೆ. ರಾಮಕೃಷ್ಣನಗರದ ಆಚೆ, ಇದೂ ಮುಮ್ಮಡಿಯವರೇ 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು. ಜೊಂಡು, ಪೊದೆ, ಮರ ಮೂರೂ ಇರುವುದರಿಂದ ನಾಮದ ಕೋಳಿ, ನೇರಳೆ ಜಂಬುಕೋಳಿ, ಮಿಂಚುಳ್ಳಿ ಮಾತ್ರ ಅಲ್ಲ, ಪೊದೆಯ ಸಣ್ಣ ಹಕ್ಕಿಗಳೂ ಸಿಗುತ್ತವೆ. ಹಕ್ಕಿ ಗುರುತು ಹಿಡಿಯುವುದನ್ನು ಕಲಿಯಲು ಶುರು ಮಾಡುವವರು ಇಲ್ಲಿಗೇ ಬನ್ನಿ. ದೂರದ ಜಾಗಕ್ಕೆ ಒಂದು ಸಲ ಹೋಗುವುದಕ್ಕಿಂತ ಒಂದೇ ಕೆರೆಯನ್ನು ಎಲ್ಲ ಕಾಲದಲ್ಲೂ ಸುತ್ತಿದರೆ ಕಣ್ಣು ಪಳಗುತ್ತದೆ.

ತಿಂಗಳ ಲೆಕ್ಕ ಮತ್ತೆ

ಜೂನ್‌ನಿಂದ ಅಕ್ಟೋಬರ್: ಲಿಂಗಾಂಬುಧಿ, ಕುಕ್ಕರಹಳ್ಳಿ, ಕಾರಂಜಿ. ರಂಗನತಿಟ್ಟಿಗೆ ಹೋಗುವುದಾದರೆ ಹಿಂದಿನ ದಿನ ಕೆಆರ್‌ಎಸ್ ಹೊರಹರಿವು ಎಷ್ಟಿದೆ ಅಂತ ಪೇಪರ್ ನೋಡಿ. ಡಿಸೆಂಬರ್, ಜನವರಿ: ಹದಿನಾರು. ಜನವರಿ ಕೊನೆಯಿಂದ ಏಪ್ರಿಲ್: ನಡೆಯುವ ಆಸೆ ಇದ್ದವರಿಗೆ ಕೊಕ್ಕರೆಬೆಳ್ಳೂರು, ಮೊಸಳೆ, ನೀರುನಾಯಿ ಆಸೆ ಇದ್ದವರಿಗೆ ರಂಗನತಿಟ್ಟು.

ಎರಡನ್ನೂ ಒಂದೇ ದಿನ ನೋಡಬಹುದಾ ಅಂದರೆ, ನೋಡಬಹುದು, ಆದರೆ ಅದಕ್ಕೆ ಇಡೀ ದಿನ ಎತ್ತಿಡಬೇಕು. ಬೆಳಗ್ಗೆ ಕೊಕ್ಕರೆಬೆಳ್ಳೂರು, ಬಿಸಿಲೇರಿದ ಮೇಲೆ ಮಂಡ್ಯದಲ್ಲಿ ಊಟ, ಮೂರೂವರೆ ಹೊತ್ತಿಗೆ ರಂಗನತಿಟ್ಟು. ತಿರುಗಾ ಮುರುಗಾ ಮಾಡಬೇಡಿ. ಬಿಸಿಲು ಇಳಿದ ಮೇಲೆ ಮೀನಿಗೆ ಹೋದ ಹಕ್ಕಿಗಳು ನಡುಗಡ್ಡೆಗೆ ವಾಪಸ್ ಬರುತ್ತಿರುತ್ತವೆ, ದೋಣಿಯಲ್ಲಿ ಕೂತವರ ತಲೆಯ ಮೇಲೇ ಹಾದುಹೋಗುತ್ತವೆ. ದೋಣಿಯ ಟಿಕೆಟ್ ಕೌಂಟರ್ ಗೇಟಿಗಿಂತ ಮೊದಲೇ ಮುಚ್ಚುತ್ತದೆ, ಹಾಗಾಗಿ ಮಂಡ್ಯದಲ್ಲಿ ಊಟ ಮಾಡಿ ತೂಕಡಿಸುತ್ತಾ ಕೂರದೆ ಹೊರಡಿ.